ನರ್ಸಮ್ಮ ಕೇಳಿದ ಮನೆ

ಹೋದ ಆಷಾಢದಲ್ಲಿ ಹಾಸನದಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆದರು. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ಅಲುಗಾಡಬಾರದೆಂದು ಹೇಳಿ, ನಾಲ್ಕು ದಿನ ಅಂಗಾತ ಮಲಗಿಸಿದ್ದರು. ನೋಡಲು ಏನೂ ಇಲ್ಲದಾಗ ಮೂಗು ಚುರುಕಾಗುತ್ತದೆ. ಹೊರಗೆ ಜಡಿಮಳೆ ಹಿಡಿದಿತ್ತು. ಪಕ್ಕದ ಮಂಚದ ರೋಗಿಯ ಕಡೆಯವರು ಯಾರೋ ಒದ್ದೆ ಕಂಬಳಿಯನ್ನು ಕಿಟಕಿಗೆ ಹರವಿದ್ದರು. ನೆಲ ಒರೆಸುವ ಹೆಂಗಸು ಬಂದು ಬಕೆಟ್ಟಿನ ನೀರಿಗೆ ಲೈಸಾಲ್ ಸುರಿದಳು. ಲೈಸಾಲ್ ವಾಸನೆ, ಒದ್ದೆ ಕಂಬಳಿಯ ವಾಸನೆ, ಎರಡೂ ಸೇರಿದರೆ ನನ್ನ ಪಾಲಿಗೆ ಅದು ಒಬ್ಬರೇ ಒಬ್ಬರ ವಾಸನೆ. ಮೂವತ್ತು ವರ್ಷವಾದ ಮೇಲೂ, ಅಲುಗಾಡಬಾರದೆಂಬುದನ್ನು ಮರೆತು ತಲೆ ಎತ್ತಿದೆ.

ಪಕ್ಕದಲ್ಲಿ ಕೂತಿದ್ದ ಮಗಳು, “ಯಾಕಪ್ಪ, ನೋವಾ?” ಎಂದಳು. ಇಲ್ಲ ಎಂದೆ. ಅವಳಿಗೆ ಹೇಳಲಿಲ್ಲ. ಅವಳು ಹುಟ್ಟಿದ ಮಳೆಗಾಲದ ವಿಷಯವೇ ಅದು. ಅವಳ ತಾಯಿಗೂ ನಾನು ಹೇಳಿರಲಿಲ್ಲ. ತಾಯಿ ತೀರಿಕೊಂಡು ಈಗ ಆರು ವರ್ಷ. ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡಬಹುದೇನೋ ಎಂದು ಕೂತಿದ್ದೇನೆ.

ಅದು ನಲವತ್ತಮೂರನೇ ಇಸವಿ. ಯುದ್ಧ ನಡೆಯುತ್ತಿತ್ತು. ನಾನು ನಮ್ಮೂರು ಅರಕಲಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್. ಅರಕಲಗೂಡು ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಪಡುವಲ ಬೆಟ್ಟಗಳು ಮಳೆಯನ್ನೆಲ್ಲ ತಾವೇ ಸುರಿಸಿಕೊಂಡು, ಮಿಕ್ಕಿದ ತುಂತುರನ್ನೂ ಚಳಿಗಾಳಿಯನ್ನೂ ನಮ್ಮ ಕಡೆಗೆ ಅಟ್ಟುತ್ತವೆ. ಆ ವರ್ಷ ಬಿಡುವಿಲ್ಲದೆ ಅಟ್ಟಿದವು. ಹೊಲದಲ್ಲಿ ಆಲೂಗಡ್ಡೆ ಕೊಳೆಯಿತು. ಹೊಗೆಸೊಪ್ಪಿನ ಸಸಿ ಹಳದಿ ತಿರುಗಿತು. ಚಳಿಜ್ವರದವರು ಆಸ್ಪತ್ರೆಯ ಜಗಲಿಯ ಮೇಲೆ ಸಾಲಾಗಿ ನಡುಗುತ್ತ ಕೂರುತ್ತಿದ್ದರು. ಕ್ವಿನೈನ್ ಯುದ್ಧಕ್ಕೆ ಹೋಗುತ್ತಿತ್ತು. ನಾನು ಬಣ್ಣದ ನೀರಿನಂಥ ಮಿಕ್ಸ್ಚರ್ ಹುಯ್ದು ಕೊಡುತ್ತಿದ್ದೆ.

ಆ ಆಸ್ಪತ್ರೆಯ ಸೂಲಗಿತ್ತಿ ನರ್ಸು ದೇವೀರಮ್ಮನವರು. ಊರಿಗೆಲ್ಲ ನರ್ಸಮ್ಮ. ಎದುರಿಗೆ ಎಲ್ಲರೂ “ಬನ್ನಿ ನರ್ಸಮ್ಮ, ಕೂತ್ಕಳಿ ನರ್ಸಮ್ಮ” ಎನ್ನುವರು. ಅವರು ಬೆನ್ನು ತಿರುಗಿಸಿದ ಮೇಲೆ ಏಕವಚನ. ನಾನೂ ಹಾಗೆಯೇ ಇದ್ದೆ. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ತಡವಾಗಿ ಬಂದ ಮರ್ಯಾದೆ.

ಅವರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯವರು. ಸರ್ಕಾರದ ಕಾಗದದಲ್ಲಿ ಅವರ ಜಾತಿಯನ್ನು ಆದಿಕರ್ನಾಟಕ ಎಂದು ಬರೆದಿತ್ತು. ಮದುವೆಯಾದ ಎರಡನೇ ವರ್ಷ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಯಾರೋ ಪುಣ್ಯಾತ್ಗಿತ್ತಿ ಡಾಕ್ಟರಮ್ಮ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೂಲಗಿತ್ತಿ ಕೆಲಸ ಕಲಿಸಿದ್ದರಂತೆ. ಇಪ್ಪತ್ತೆಂಟು ವರ್ಷದ ಸರ್ವೀಸು: ಚನ್ನರಾಯಪಟ್ಟಣ, ಹೊಳೆನರಸೀಪುರ, ಕೊನೆಯ ಹನ್ನೆರಡು ವರ್ಷ ನಮ್ಮೂರು. ಬಿಳಿ ಸೀರೆ, ಕೈಯಲ್ಲಿ ತಗಡಿನ ಪೆಟ್ಟಿಗೆ, ಮಳೆಗೆ ಕಂಬಳಿ ಕೊಪ್ಪೆ. ಮೇಲುಜಾತಿಯವರನ್ನು ಕಂಡರೆ ಅವರ ಕಡೆಯವರೆಲ್ಲ “ಬುದ್ಧಿ” ಎನ್ನುತ್ತಿದ್ದ ಕಾಲ. ದೇವೀರಮ್ಮನವರ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. ಡಾಕ್ಟರಿಗೆ “ಸಾ”, ನನಗೆ “ಕಂಪೌಂಡ್ರೇ”, ನಮ್ಮಪ್ಪನಿಗೆ “ಯಜಮಾನ್ರು”. ಅಷ್ಟೇ.

ಅವರು ಊರಿನ ಎಲ್ಲ ಮನೆಗಳ ಒಳಕ್ಕೂ ಹೋಗಿದ್ದರು. ಹೆರಿಗೆಯ ಕೋಣೆ ಹೇಗೂ ಮೈಲಿಗೆಯದು, ಹನ್ನೊಂದನೆಯ ದಿನ ಮನೆಯನ್ನೆಲ್ಲ ತೊಳೆಯುತ್ತಾರೆ. ಆದ್ದರಿಂದ ಅವರು ಬರಬಹುದು ಎಂಬುದು ಊರಿನ ಲೆಕ್ಕಾಚಾರ. ನಾವು ಲಿಂಗ ಕಟ್ಟುವವರು. ನಮ್ಮಲ್ಲಿ ಹುಟ್ಟಿದ ಸೂತಕವಿಲ್ಲ, ಸತ್ತ ಸೂತಕವಿಲ್ಲ, ಜಾತಿಯ ಸೂತಕವೂ ಇಲ್ಲ ಎಂದು ನಮ್ಮಪ್ಪ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ವಿವರಿಸುತ್ತಿದ್ದರು. ಹೇಳುವಾಗ ಅವರು ನಂಬಿಯೇ ಹೇಳುತ್ತಿದ್ದರು. ನಮ್ಮ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಮಾತ್ರ ಒಂದು ಪಿಂಗಾಣಿ ಲೋಟ ಬೋರಲು ಹಾಕಿರುತ್ತಿತ್ತು. ಅದು ನರ್ಸಮ್ಮನ ಕಾಫಿಯ ಲೋಟ. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಇಡುತ್ತಿದ್ದರು.

ಆ ವರ್ಷ ಕಾರ್ತಿಕದ ಹೊತ್ತಿಗೆ ಅವರಿಗೆ ಐವತ್ತೈದು ತುಂಬುತ್ತಿತ್ತು. ಪಿಂಚಣಿಯ ಕಾಗದ ಬಂದಿತ್ತು. ಆಸ್ಪತ್ರೆಯ ಹಿಂದಿನ ಸರ್ಕಾರಿ ಮನೆ ಬಿಡಬೇಕು. ಮುಂದೆಲ್ಲಿರುವುದು ಎಂದು ಜ್ಯೇಷ್ಠದಿಂದಲೇ ಯೋಚನೆ ಹತ್ತಿತ್ತು. ಬಾಟಲಿ ತೊಳೆಯುತ್ತ ಒಂದು ದಿನ ನನ್ನೊಡನೆ ಹೇಳಿದರು.

“ಚನ್ರಾಯಪಟ್ಣದ ಕಡೆ ನಮ್ಮೂರಲ್ಲಿ ತಮ್ಮ ಅವ್ನೆ. ಬಾ ಅಂತಾನೆ. ಅವನ ಗುಡ್ಲಲ್ಲಿ ಒಂದು ಮೂಲೆ ಸಿಕ್ತದೆ. ಆದ್ರೆ ಅಲ್ಲಿ ನಾನು ಯಾರು, ಕಂಪೌಂಡ್ರೇ? ಊರ ಬಾವಿ ತಾವ್ಕೆ ಓಗಂಗಿಲ್ಲ, ಬೀದೀಲಿ ಮೆಟ್ಟು ಮೆಟ್ಕಂಡು ನಡೆಯಂಗಿಲ್ಲ. ಇಲ್ಲಾದ್ರೆ ಸ್ಕೂಲಿಗೋಗೋ ಮಕ್ಳೆಲ್ಲ ನನ್ ಕೈಮ್ಯಾಲೆ ಬಂದವು. ‘ನರ್ಸಮ್ಮ ನರ್ಸಮ್ಮ’ ಅಂತವೆ. ಈ ಬೆಟ್ಟದ ಗಾಳೀನೂ ಮೈಗೆ ಒಗ್ಗೋಗದೆ. ಎರಡು ಅಂಕಣದ ಮನೆ ಸಿಕ್ಕಿದ್ರೆ ಇಲ್ಲೇ ಇದ್ಬುಡಾನ ಅಂತ.”

“ಸಿಗದೆ ಏನು? ನೀವು ಕೇಳಿದರೆ ಯಾರು ಇಲ್ಲ ಅಂತಾರೆ?” ಎಂದೆ. ಯೋಚಿಸದೆ ಆಡಿದ ಮಾತು.

ಮೊದಲು ಕೇಳಿದ್ದು ಜವಳಿ ಅಂಗಡಿಯ ನಂಜುಂಡಪ್ಪನವರನ್ನು. ಅವರ ಅಂಗಡಿಯ ಹಿಂದಿನ ಮನೆ ಖಾಲಿ ಬಿದ್ದಿತ್ತು. ಅವರ ನಾಲ್ಕು ಮಕ್ಕಳನ್ನೂ ಇವರೇ ಎತ್ತಿದ್ದು. ನಾನೂ ಜೊತೆಗೆ ಹೋಗಿದ್ದೆ. ನಂಜುಂಡಪ್ಪ ಎದ್ದು ನಿಂತೇ ಮಾತಾಡಿದರು.

“ನಂದೇನೂ ಅಡ್ಡಿ ಇಲ್ಲ ಕಣ್ರಮ್ಮ. ನಿಮ್ಮಂಥೋರು ಇರ್ತೀನಿ ಅಂದ್ರೆ ಬ್ಯಾಡ ಅಂತೀನಾ? ಆದ್ರೆ ಅಕ್ಕಪಕ್ಕದೋರು ಸರಿಯಿಲ್ಲ. ನಾಳೆ ಯಾರಾದ್ರೂ ಒಂದು ಮಾತಂದ್ರೆ ನಿಮಗೇ ಬೇಜಾರು.”

ಅಕ್ಕಪಕ್ಕದವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ತಮ್ಮದೇನೂ ಅಡ್ಡಿಯಿಲ್ಲ, ನಂಜುಂಡಪ್ಪನ ಕಡೆಯವರು ಸರಿಯಿಲ್ಲ. ಒಬ್ಬರ ಮನೆಯಲ್ಲಿ ಮಾಡು ಸೋರುತ್ತಿತ್ತು. ಇನ್ನೊಬ್ಬರಿಗೆ ನೆಂಟರು ಬರುವುದಿತ್ತು. ಯಾರೂ ಒರಟಾಗಿ ಆಡಲಿಲ್ಲ. ಎಲ್ಲರೂ ಎಲೆಅಡಿಕೆ ಕೊಟ್ಟು ಕಳಿಸಿದರು. ಎಲೆಯನ್ನು ಮೇಲಿನಿಂದ ಬಿಟ್ಟು ಕೊಟ್ಟರು. ಕೊನೆಗೆ ಒಬ್ಬ ಗೌಡರು ಒಳ್ಳೆಯ ಮನಸ್ಸಿನಿಂದಲೇ, “ಇಲ್ಲೂ ನಿಮ್ಮೋರ ಕೇರಿ ಐತಲ್ಲಮ್ಮ. ಅಲ್ಲೇ ಒಂದು ಗುಡ್ಲು ಆಕ್ಕಂಡ್ರಾಯ್ತು” ಎಂದರು.

“ಆಕ್ಕಬೋದು ಗೌಡ್ರೇ,” ಎಂದರು ದೇವೀರಮ್ಮನವರು. “ಕೇರಿಯಿಂದ ಈಚೆಗೆ ಬರಾಕೇ ನಂಗೆ ಇಪ್ಪತ್ತೆಂಟು ವರ್ಸ ಇಡೀತು.”

ಹೀಗೆ ಅವರು ಮಳೆಯಲ್ಲಿ ಮನೆಮನೆ ಅಲೆಯುತ್ತಿದ್ದಾಗಲೇ ನನ್ನ ಹೆಂಡತಿ ಗೌರಿಗೆ ದಿನ ತುಂಬಿತು. ಮೊದಲನೆಯ ಮಗು ಹೊಟ್ಟೆಯಲ್ಲೇ ಹೋಗಿತ್ತು, ಇದು ಎರಡನೆಯದು. ಶ್ರಾವಣದ ಒಂದು ಮುಂಜಾನೆ ನೋವು ಶುರುವಾಯಿತು. ಡಾಕ್ಟರು ಹಾಸನಕ್ಕೆ ಹೋಗಿದ್ದರು. ನಾನು ಓಡಿಹೋದರೆ ದೇವೀರಮ್ಮನವರೇ ಚಳಿಜ್ವರದಲ್ಲಿ ಹೊದ್ದು ಮಲಗಿದ್ದರು. ಎದ್ದು ಕೂತು, “ನೀರು ಓಯ್ತಾ?” ಎಂದು ಕೇಳಿದರು. ಹೋಯಿತು ಎಂದೆ. ಕೊಪ್ಪೆ ಹಾಕಿಕೊಂಡು ಪೆಟ್ಟಿಗೆ ಎತ್ತಿಕೊಂಡರು. ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಂತರು. ಪೆಟ್ಟಿಗೆ ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಮಗು ಕಾಲು ಮುಂದಾಗಿ ಬರುತ್ತಿತ್ತು. ಮಧ್ಯಾಹ್ನ ಮೂರು ಗಂಟೆಯವರೆಗೂ ಆ ಕೋಣೆಯಿಂದ ಗೌರಿಯ ಕೂಗು, ದೇವೀರಮ್ಮನವರ ಸಣ್ಣ ದನಿ, ಇವೆರಡೇ. ಅಪ್ಪ ನಡುಮನೆಯಲ್ಲಿ ಕೂತು ಎದ್ದು ಕೂತು ಮಾಡಿದರು. ಆಮೇಲೆ ಕೂಗು ನಿಂತಿತು. ಮಗುವಿನ ಅಳು ಕೇಳಲಿಲ್ಲ. ನಾನು ತಡೆಯಲಾರದೆ ಬಾಗಿಲು ತಳ್ಳಿದೆ. ಅಪ್ಪನೂ ಹಿಂದೆಯೇ ಬಂದರು. ದೇವೀರಮ್ಮನವರು ನೀಲಿಗಟ್ಟಿದ ಮಗುವನ್ನು ಅಂಗೈ ಮೇಲೆ ಹಿಡಿದು, ಅದರ ಬಾಯಿಗೆ ತಮ್ಮ ಬಾಯಿಟ್ಟು ಊದುತ್ತಿದ್ದರು. ಊದುವುದು, ಬಿಡುವುದು. ಜ್ವರದಿಂದ ಅವರ ಮೈ ನಡುಗುತ್ತಿತ್ತು, ಮಗುವನ್ನು ಹಿಡಿದ ಕೈ ನಡುಗುತ್ತಿರಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಮಗು ಬೆಕ್ಕಿನ ಮರಿಯಂತೆ ಒಂದು ದನಿ ಮಾಡಿತು. ಅದೇ ನನ್ನ ಮಗಳು. ಮೊನ್ನೆ ಹಾಸನದಲ್ಲಿ ನನ್ನ ಪಕ್ಕ ಕೂತಿದ್ದವಳು.

ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. “ನರ್ಸಮ್ಮ, ಏನ್ ಬೇಕೋ ಕೇಳಮ್ಮ,” ಎಂದರು.

“ಈಗ ಒಸಿ ಬಿಸಿ ಕಾಫಿ ಕೊಡಿಸಿ ಯಜಮಾನ್ರೇ. ಬಾಕಿದ್ದು ಆಮ್ಯಾಕೆ ಕೇಳ್ತೀನಿ.”

ಕಾಫಿ ಬಂತು. ಅದೇ ಪಿಂಗಾಣಿ ಲೋಟದಲ್ಲಿ. ಒಳಗಿನಿಂದ ತಂದವಳು ನನ್ನ ತಂಗಿ. ಅವಳದೇನು ತಪ್ಪು? ನಾನು ನೋಡಿದೆ, ಅಪ್ಪ ನೋಡಿದರು, ಹಾಸಿಗೆಯಲ್ಲಿದ್ದ ಗೌರಿಯೂ ನೋಡಿದಳು. ದೇವೀರಮ್ಮನವರು ಕುಡಿದು, ಹಿತ್ತಲಿಗೆ ಹೋಗಿ ತೊಳೆದು, ಗೂಡಿನಲ್ಲಿಟ್ಟು ಹೋದರು.

ನಮ್ಮ ಮನೆಯ ಹಿಂದಿನ ಬೀದಿಗೆ ಬಾಗಿಲು ತೆಗೆಯುವ ಒಂದು ಸಣ್ಣ ಹೆಂಚಿನ ಮನೆ ನಮ್ಮದಿತ್ತು. ಅಪ್ಪ ಮಂಡಿ ವ್ಯಾಪಾರ ಮಾಡುತ್ತಿದ್ದಾಗ ಮೆಣಸಿನಕಾಯಿ ಮೂಟೆ ಇಡುತ್ತಿದ್ದರು. ವ್ಯಾಪಾರ ಬಿಟ್ಟ ಮೇಲೆ ಖಾಲಿ. ಅದಕ್ಕೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಬಾವಿ.

ಭಾದ್ರಪದದಲ್ಲಿ, ರೋಗಿಗಳೆಲ್ಲ ಹೋದ ಮೇಲೆ, ದೇವೀರಮ್ಮನವರು ಔಷಧದ ಕಿಟಕಿಯ ಹತ್ತಿರ ಬಂದು ನಿಂತರು. “ಕಂಪೌಂಡ್ರೇ, ನಾನಾಗಿ ಕೇಳಬಾರ್ದು ಅಂತಿದ್ದೆ. ನಿಮ್ಮ ಇಂದ್ಲ ಬೀದಿ ಮನೆ ಖಾಲಿ ಐತಲ್ಲ. ಯಜಮಾನ್ರನ್ನ ನಾನೇ ಕೇಳ್ಲಾ, ನೀವು ಕೇಳ್ತೀರಾ?”

“ನಾನೇ ಕೇಳ್ತೀನಿ,” ಎಂದೆ. “ನೀವು ಕೇಳೋದು ಬೇಡ. ಹೊತ್ತು ನೋಡಿ ನಾನು ಕೇಳ್ತೀನಿ.”

ಮನೆಗೆ ಬಂದು ಗೌರಿಗೆ ಹೇಳಿದೆ. ಬಾಣಂತಿಯ ಮುಖ ಅರಳಿತು. “ಮಾವನವರು ಕೊಟ್ಟೇ ಕೊಡ್ತಾರೆ. ಏನ್ ಬೇಕೋ ಕೇಳು ಅಂದಿದಾರಲ್ಲ. ಈವತ್ತೇ ಕೇಳಿ,” ಎಂದಳು.

ನಾನು ಕೇಳಲಿಲ್ಲ. ಬೆಳಗ್ಗೆ ಅಪ್ಪ ಪೂಜೆಯಲ್ಲಿರುತ್ತಿದ್ದರು. ಮುಗಿದ ಮೇಲೆ ಎಂದುಕೊಂಡೆ. ಊಟದ ಮೇಲೆ ಎಂದುಕೊಂಡೆ. ತಂಗಿಯ ಮದುವೆಯ ಮಾತು ಹೊಳೆನರಸೀಪುರದ ಒಂದು ಮನೆಯ ಜೊತೆ ನಡೆದಿತ್ತು. ಅವರು ಬಂದು ಹೋಗಲಿ ಎಂದುಕೊಂಡೆ. ಒಂದು ಸಂಜೆ ಜಗಲಿಯ ಮೇಲೆ ನಾವಿಬ್ಬರೇ ಇದ್ದೆವು. ಅಪ್ಪ ತಾವಾಗಿಯೇ, “ಆ ನರ್ಸಮ್ಮಂಗೆ ಎಲ್ಲಾದ್ರೂ ಮನೆ ಸಿಕ್ತೇನ್ಲಾ?” ಎಂದು ಕೇಳಿದರು. ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. “ನೋಡ್ತಾವ್ರೆ,” ಎಂದು ಹೇಳಿ ಎದ್ದುಹೋದೆ.

ಅಪ್ಪ ಒಪ್ಪುವುದಿಲ್ಲ ಎಂಬ ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹಾಗಿಲ್ಲ. ಒಪ್ಪಿಬಿಟ್ಟರೆ ಏನು ಗತಿ ಎಂದು ಹೆದರಿದ್ದೆ. ದಿನಾ ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದಾಗ ಬಾವಿಯ ಹಗ್ಗ ಅವರ ಕೈಯಲ್ಲಿರುವುದನ್ನು ಕಣ್ಣಿಗೆ ತಂದುಕೊಂಡಿದ್ದೆ. ಆ ಹಗ್ಗ, ಆ ಬಿಂದಿಗೆ, ಆ ನೀರು. ಆಸ್ಪತ್ರೆಯಲ್ಲಿ ಹತ್ತು ವರ್ಷ ಅವರ ಪಕ್ಕ ನಿಂತು ಕೆಲಸ ಮಾಡಿದವನು ನಾನು. ಅವರ ಉಸಿರು ನನ್ನ ಮಗುವಿನ ಎದೆಯಲ್ಲಿತ್ತು. ಆದರೂ ನೀರಿನ ಯೋಚನೆ ಬಂತು. ಓದಿದವನು, ಅಪ್ಪನಿಗಿಂತ ಹೊಸ ಕಾಲದವನು ಎಂದು ನನ್ನ ವಿಷಯದಲ್ಲಿ ನನಗಿದ್ದ ಅಭಿಪ್ರಾಯವೆಲ್ಲ ಆ ಬಾವಿಯ ಕಟ್ಟೆಯ ಹತ್ತಿರ ನಿಂತುಹೋಯಿತು.

ಎಂಟು ಹತ್ತು ದಿನ ಕಳೆಯಿತು. ಗೌರಿ ದಿನಾ ಕೇಳುತ್ತಿದ್ದಳು. ಒಂದು ದಿನ ಬೇಸತ್ತು, “ಕೇಳಿದೆ. ಒಪ್ಪಲಿಲ್ಲ,” ಎಂದುಬಿಟ್ಟೆ. ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮಗುವಿನ ಕಡೆಗೇ ಮುಖ ತಿರುಗಿಸಿಕೊಂಡಳು.

ಒಂದು ಸಲ ಆಡಿದ ಮೇಲೆ ಎರಡನೆಯ ಸಲ ಆಡುವುದು ಸುಲಭ. ಮಾರನೆಯ ದಿನ ದೇವೀರಮ್ಮನವರಿಗೂ ಅದನ್ನೇ ಹೇಳಿದೆ.

“ಏನಂದ್ರು?” ಎಂದರು.

“ಒಪ್ಪಲಿಲ್ಲ.”

“ಅದು ಗೊತ್ತಾಯ್ತು. ಬಾಯ್ಬಿಟ್ಟು ಏನಂದ್ರು ಅಂತ ಕೇಳ್ದೆ.”

ಅವರಿಗೆ ಮಾತೇ ಬೇಕಿತ್ತು. ನಾನು ನಂಜುಂಡಪ್ಪನವರ ಮಾತನ್ನು ಅಪ್ಪನ ಬಾಯಿಗೆ ಹಾಕಿದೆ. “ನಂದೇನೂ ಅಡ್ಡಿ ಇಲ್ಲ, ಅಕ್ಕಪಕ್ಕದೋರು ಏನಂತಾರೋ ಅಂದ್ರು.”

“ಅವ್ರೂ ಅಂಗೇ ಅಂದ್ರಾ?” ಎಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ಮಳೆ ನೋಡಿದರು. “ಅವ್ರೊಬ್ರು ಬ್ಯಾರೆ ಅನ್ಕಂಡಿದ್ದೆ. ಓಗ್ಲಿ ಬುಡಿ. ಇಲ್ಲಿರೋದೋ ಅಲ್ಲಿಗೋಗೋದೋ ಅಂತ ಇಷ್ಟು ದಿನ ತಲೆ ಕೆಡಿಸ್ಕಂಡಿದ್ದೆ. ಈಗ ತೀರ್ಮಾನ ಆಯ್ತಲ್ಲ.”

ಕಾರ್ತಿಕದಲ್ಲಿ ಅವರು ಹೊರಟರು. ಮಳೆ ನಿಂತು ಬಿಸಿಲು ಬಿದ್ದಿತ್ತು, ಬೆಟ್ಟ ತೊಳೆದಿಟ್ಟಂತೆ ಕಾಣುತ್ತಿತ್ತು. ಹೊಳೆನರಸೀಪುರಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಾಯಿಸಬೇಕು. ಪೆಟ್ರೋಲಿಗೆ ಬರ, ಇದ್ದಿಲಿನ ಬಸ್ಸು. ಕಂಡಕ್ಟರು ಬಸ್ಸಿನ ಬೆನ್ನಿಗೆ ಕಟ್ಟಿದ ಒಲೆಗೆ ಗಾಳಿಚಕ್ರ ತಿರುಗಿಸುತ್ತಿದ್ದ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆ ತಗಡಿನ ಪೆಟ್ಟಿಗೆ. ನಂಜುಂಡಪ್ಪನವರು ಅಂಗಡಿಯಿಂದಲೇ ಕೈ ಮುಗಿದರು. ಗೌರಿ ಮಗುವನ್ನೆತ್ತಿಕೊಂಡು ಬಸ್ಸಿನವರೆಗೂ ಬಂದಳು. ಎಲ್ಲರ ಎದುರಿಗೆ ಬಗ್ಗಿ ಅವರ ಕಾಲು ಮುಟ್ಟಿದಳು. ದೇವೀರಮ್ಮನವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, “ಬ್ಯಾಡ ಕಣವ್ವ, ನಿನ್ನ ಮಾವ ನೋಡಾರು,” ಎಂದರು.

ಆಸ್ಪತ್ರೆಯಿಂದ ಬಸ್ಸಿಗೆ ಬರುವ ದಾರಿಯಲ್ಲಿ ನಮ್ಮ ಮನೆ. ಅಪ್ಪ ಜಗಲಿಯ ಮೇಲೆ ಕಾಯುತ್ತಲೇ ಕೂತಿದ್ದರಂತೆ. ದೇವೀರಮ್ಮನವರು ಆ ಕಡೆ ತಲೆ ತಿರುಗಿಸದೆ ನಡೆದುಹೋಗಿದ್ದರು. ಸಂಜೆ ಅಪ್ಪ, “ನರ್ಸಮ್ಮ ಹೇಳ್ದೇನೇ ಹೋದ್ಲಲ್ಲೋ,” ಎಂದರು. “ಬಸ್ಸಿಗೆ ಹೊತ್ತಾಗಿತ್ತು,” ಎಂದೆ.

ಸಂಕ್ರಾಂತಿ ಕಳೆದ ಮೇಲೆ ಆಸ್ಪತ್ರೆಯ ವಿಳಾಸಕ್ಕೆ ಒಂದು ಕಾರ್ಡು ಬಂತು. ದೊಡ್ಡ ದೊಡ್ಡ ಅಕ್ಷರ. ಕ್ಷೇಮ, ತಮ್ಮನ ಮನೆಯಲ್ಲಿದ್ದೇನೆ, ಮಗುವಿಗೆ ಸಿಡುಬು ಬಾರದಂತೆ ದೇವಿ ಹಾಕಿಸಿ, ಎಂದಿತ್ತು. ಕೊನೆಯಲ್ಲಿ, “ನಿಮ್ಮ ತಂದೆಯವರಿಗೆ ನನ್ನ ಮೇಲೆ ಬೇಸರ ಬೇಡವೆಂದು ಹೇಳಿ. ನನಗೂ ಅವರ ಮೇಲೆ ಬೇಸರವಿಲ್ಲ. ಊರೊಳಗಿರುವವರ ಕಷ್ಟ ಅವರಿಗೆ” ಎಂದಿತ್ತು. ಆ ಕಾರ್ಡನ್ನು ಮನೆಗೆ ತರಲಿಲ್ಲ. ಸ್ಪಿರಿಟ್ ದೀಪಕ್ಕೆ ಹಿಡಿದೆ. ಮರುವರ್ಷದ ಬೇಸಿಗೆಯಲ್ಲಿ ಅವರು ಜ್ವರದಲ್ಲಿ ತೀರಿಕೊಂಡರೆಂದು ಚನ್ನರಾಯಪಟ್ಟಣದ ಕಡೆಯಿಂದ ಬಂದ ಹೊಸ ನರ್ಸು ಹೇಳಿದಳು. ಅವರ ಹಳ್ಳಿಯಲ್ಲಿ ಹೆರಿಗೆಗೆ ಯಾರಾದರೂ ಅವರನ್ನು ಕರೆಯುತ್ತಿದ್ದರಾ ಎಂದು ಕೇಳಿದೆ. ಕೇರಿಯವರು ಮಾತ್ರ ಎಂದಳು.

ಮನೆಯಲ್ಲಿ ಗೌರಿ ಬದಲಾದಳು. ಮೊದಲು ಮಾವನ ತಟ್ಟೆಯ ಪಕ್ಕ ಕೂತು, ಬೇಕು ಬೇಡ ಕೇಳಿ, ಊರ ಸುದ್ದಿ ಹೇಳಿ ನಗಿಸುತ್ತಿದ್ದವಳು. ಈಗ ಬಡಿಸಿ ಒಳಕ್ಕೆ ಹೋಗುವಳು. ಕೆಲಸದಲ್ಲಿ ಕುಂದಿಲ್ಲ, ಹೊತ್ತಿಗೆ ಸರಿಯಾಗಿ ಬಿಸಿನೀರು, ಊಟ, ಔಷಧ. ಒಂದು ಮಾತು ಮಾತ್ರ ಹೆಚ್ಚಿಲ್ಲ. ಪಿಂಗಾಣಿ ಲೋಟವನ್ನು ಗೂಡಿನಿಂದ ತೆಗೆದು ಅಡುಗೆಮನೆಗೆ ತಂದಿಟ್ಟುಕೊಂಡು ಅದರಲ್ಲೇ ತಾನು ಕಾಫಿ ಕುಡಿಯತೊಡಗಿದಳು. ಅಪ್ಪನ ಎದುರಿಗೇ ಕುಡಿಯುವಳು. ಅಪ್ಪನಿಗೆ ಅರ್ಥವಾಗಲಿಲ್ಲ. “ನಿನ್ನ ಹೆಂಡ್ತಿಗೆ ನನ್ನ ಮೇಲೆ ಏನ್ಲಾ ಕೋಪ? ನಾನೇನಂದೆ?” ಎಂದು ಎಷ್ಟೋ ಸಲ ಕೇಳಿದರು. ಏನಿಲ್ಲ, ಅವಳ ಸ್ವಭಾವ ಎಂದೆ. ಆರು ವರ್ಷ ಒಂದೇ ಸೂರಿನಡಿಯಲ್ಲಿ ಹೀಗೆ ನಡೆಯಿತು.

ನಲವತ್ತೊಂಬತ್ತರಲ್ಲಿ ಅಪ್ಪ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಹಿಂದಿನ ಬೀದಿಯ ಮನೆಯ ಮಾಡು ಕುಸಿದಿದೆ, ಏನು ಮಾಡುವುದು ಎಂದು ಕೇಳಿದೆ. ಅವರು ಸೂರು ನೋಡುತ್ತ ಹೇಳಿದರು.

“ಅದನ್ನ ಆ ನರ್ಸಮ್ಮಂಗೆ ಕೊಡಾನ ಅಂತ ಒಂದ್ಸಲ ಅನ್ಕಂಡಿದ್ದೆ ಕಣ್ಲಾ. ಏನ್ ಬೇಕೋ ಕೇಳು ಅಂದಿದ್ನಲ್ಲ. ಕೇಳ್ಲಿ ಅಂತ ಕಾದೆ. ಅವ್ಳು ಕೇಳ್ಲಿಲ್ಲ. ನಾನಾಗಿ ಕರ್ದು ಕೊಡೋ ಧೈರ್ಯ ನಂಗೂ ಬರ್ಲಿಲ್ಲ. ಕೇಳಿದ್ರೆ ಕೊಡ್ತಿದ್ನೋ ಇಲ್ವೋ, ಈಗ ಹೆಂಗೆ ಹೇಳಾನ. ಆದ್ರೆ ಕೇಳಬೇಕಾಗಿತ್ತು ಅವ್ಳು.”

ಕೋಣೆಯಲ್ಲಿ ನಾವಿಬ್ಬರೇ. ಹೇಳಬಹುದಾಗಿತ್ತು. ಅವರ ಕಾಲು ಒತ್ತುತ್ತ ಕೂತಿದ್ದೆ; ಒತ್ತುತ್ತಲೇ ಇದ್ದೆ. ಆ ತಿಂಗಳೇ ಅವರು ಹೋದರು.

ಮಣ್ಣು ಮಾಡಿ ಬಂದ ಮೂರನೆಯ ದಿನ, ನೆಂಟರೆಲ್ಲ ಹೊರಟ ಮೇಲೆ, ಗೌರಿ ಅಪ್ಪನ ಹಾಸಿಗೆಯ ದುಪ್ಪಟಿ ಮಡಿಸುತ್ತಿದ್ದಳು. ಮಡಿಸುತ್ತಿದ್ದವಳು ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ಆರು ವರ್ಷದಲ್ಲಿ ಅವರಿಗಾಗಿ ಅವಳು ಅತ್ತದ್ದು ಅದೊಂದೇ ಸಲ. ಆಮೇಲೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ ಹೇಳಿದಳು.

“ಮಾವನವರು ಎಲ್ಲದರಲ್ಲೂ ಒಳ್ಳೆಯೋರೇ. ಆ ನರ್ಸಮ್ಮನ ವಿಷಯದಲ್ಲಿ ಅದೊಂದು ಮಾಡಬಾರದಾಗಿತ್ತು.”

“ಹೌದು,” ಎಂದೆ. “ಮಾಡಬಾರದಾಗಿತ್ತು.”